ಮೂರು ಮೆಟ್ಟಿಲ ತಿರುವು

ಕೆಳಗಿನ ಪೇಟೆಯಿಂದ ಮೇಲಿನ ಊರಿಗೆ ಹನ್ನೊಂದು ಕಿಲೋಮೀಟರ್. ನಕ್ಷೆಯಲ್ಲಿ ಅದನ್ನು ರಸ್ತೆ ಎಂದೇ ಗುರುತಿಸಿದ್ದಾರೆ. ಗುರುತಿಸಿದವರು ಒಮ್ಮೆಯೂ ಹತ್ತಿ ನೋಡಿರಲಿಕ್ಕಿಲ್ಲ. ಮೊದಲ ಎರಡು ಕಿಲೋಮೀಟರ್ ಹೊಳೆಯ ಪಾತ್ರದೊಳಗೇ ಸಾಗಬೇಕು. ಆಮೇಲೆ ಉದುರುಗಲ್ಲಿನ ಏರು. ಏರು ಮುಗಿಯಿತು ಎನ್ನುವಷ್ಟರಲ್ಲಿ ಬಲಕ್ಕೆ ಬಂಡೆ, ಎಡಕ್ಕೆ ಬರೀ ಗಾಳಿ. ಈ ದಾರಿಯಲ್ಲಿ ವಾರಕ್ಕೆ ನಾಲ್ಕು ದಿನ ಜೀಪು ಓಡಿಸುತ್ತಿದ್ದವಳನ್ನು ಎರಡೂ ಊರಿನವರು ಜೀಪಕ್ಕ ಎನ್ನುತ್ತಿದ್ದರು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಅವಳು ಅಕ್ಕನೇ.

ಅವಳೇನು ಹುಟ್ಟು ಡ್ರೈವರಲ್ಲ. ಮುದ್ರಣಾಲಯದಲ್ಲಿ ಹಾಳೆ ಮಡಿಸಿ ಹೊಲಿಯುವ ಕೆಲಸ ಅವಳದು. ದಿನವಿಡೀ ಕೂತು ಮಡಿಕೆ ಒತ್ತಿ ಒತ್ತಿ ಹೆಬ್ಬೆರಳ ತುದಿ ಕಲ್ಲಿನಂತಾಗಿತ್ತು. ಜೀಪು ಗಂಡನದು. ಹದಿನಾರು ವರ್ಷ ಆ ದಾರಿಗೆ ಅವನೊಬ್ಬನೇ ಡ್ರೈವರ್. ಗ್ಯಾಸ್ ಸಿಲಿಂಡರ್, ಔಷಧಿ, ಟಪಾಲು, ದಿನ ತುಂಬಿದ ಬಸುರಿಯರು, ಒಮ್ಮೆ ಮೂರು ಬಾಗಿಲಿನ ಒಂದು ಬೀರು, ಎಲ್ಲವನ್ನೂ ಅವನೇ ಹತ್ತಿಸಿದ್ದ. ತುಟಿಯಲ್ಲಿ ಬೀಡಿ, ಸ್ಟೇರಿಂಗ್ ಮೇಲೆ ಒಂದೇ ಕೈ. 'ಇವನು ಕಣ್ಣು ಮುಚ್ಕೊಂಡೂ ಹತ್ತಿಸ್ತಾನೆ' ಎಂದು ಜನ ಹೇಳುತ್ತಿದ್ದರು. ಅದನ್ನು ಕೇಳುವುದೆಂದರೆ ಅವನಿಗೆ ಬಲು ಇಷ್ಟ.

ಅಪಘಾತವಾದದ್ದು ಮೂರು ಮೆಟ್ಟಿಲ ತಿರುವಿನಲ್ಲಿ. ಅಲ್ಲಿ ದಾರಿಗೆ ಅಡ್ಡವಾಗಿ ಬಂಡೆ ಮೂರು ಮೆಟ್ಟಿಲಿನಂತೆ ಎದ್ದಿದೆ, ಒಂದೊಂದೂ ಮೊಣಕಾಲೆತ್ತರ. ಅಂದು ಜೀಪಿನಲ್ಲಿದ್ದವರು ಇಬ್ಬರೇ. ಅವನು, ಮತ್ತು ಆ ದಾರಿಯನ್ನು ನೋಡಿಕೊಳ್ಳುತ್ತಿದ್ದ ಗ್ಯಾಂಗ್‌ಮನ್‌ನ ಒಬ್ಬಳೇ ಮಗಳು. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು ಎರಡು ದಿನ ರಜೆ ಹಾಕಿ ಮನೆಗೆ ಹೊರಟಿದ್ದಳು. ಜೀಪು ಅಂಚು ದಾಟಿ ಬಿದ್ದು ಕೆಳಗಿನ ಮರಕ್ಕೆ ಸಿಕ್ಕಿಕೊಂಡಿತು. ಹುಡುಗಿ ಅಲ್ಲೇ ಹೋದಳು. ಅವನ ಬೆನ್ನುಮೂಳೆ ಮುರಿದು ಸೊಂಟದ ಕೆಳಗೆ ಏನೂ ಉಳಿಯಲಿಲ್ಲ.

'ಅಂಚಿನ ಕಟ್ಟೆ ಕುಸೀತು. ಮುಂದಿನ ಎಡ ಚಕ್ರದ ಕೆಳಗೆ ಹಂಗೇ ಇಳಿದು ಹೋಯ್ತು' ಎಂದು ಅವನು ಆಸ್ಪತ್ರೆಯಲ್ಲಿ ಹೇಳಿದ. ರಸ್ತೆ ಇಲಾಖೆಯ ಅಧಿಕಾರಿಯೂ ಅದನ್ನೇ ಬರೆದುಕೊಂಡ. ಕಲ್ಲು ಜೋಡಿಸಿ ಆ ಕಟ್ಟೆ ಕಟ್ಟಿದ್ದು, ಅದನ್ನು ಭದ್ರವಾಗಿಟ್ಟುಕೊಳ್ಳಬೇಕಾದದ್ದು ಗ್ಯಾಂಗ್‌ಮನ್. ಎಲ್ಲರೂ ದೊಡ್ಡಪ್ಪ ಎಂದು ಕರೆಯುತ್ತಿದ್ದ ಆ ಮನುಷ್ಯನನ್ನು ಕೆಲಸದಿಂದ ತೆಗೆದರು. ಮಗಳನ್ನು ಮಣ್ಣು ಮಾಡಿ ಹತ್ತೊಂಬತ್ತು ದಿನವಾಗಿತ್ತು.

ಎಂಟು ತಿಂಗಳು ಮೇಲಿನ ಊರಿಗೆ ಗಾಡಿಯಿರಲಿಲ್ಲ. ಜನ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸುತ್ತಿದ್ದರು. ಬೇರೆ ಡ್ರೈವರುಗಳು ಬಂದರು, ಹೊಳೆ ದಾಟಿ ಮೊದಲ ಏರು ನೋಡಿ ಕೈ ಮುಗಿದು ಹಿಂದಿರುಗಿದರು. ಕೊನೆಗೆ ಅವಳೇ ಗಂಡನ ಮಂಚದ ಹತ್ತಿರ ನಿಂತು, "ನಂಗೆ ಕಲಿಸ್ಕೊಡಿ" ಎಂದಳು.

"ಹಾಳೆ ಮಡಿಸಿದಂಗಲ್ಲ ಕಣೇ ಅದು."

"ಮಡಿಸೋದೂ ಸುಲಭ ಅಲ್ಲ. ಕಲಿಸಿ."

ಅವನು ಮಲಗಿದಲ್ಲಿಂದಲೇ ಕಲಿಸಿದ. ದಿಂಬು ಮಡಚಿ ಏರು ಮಾಡಿದ, ಹೊದಿಕೆ ಸುಕ್ಕಿಸಿ ತಿರುವು ಮಾಡಿದ, ಬೆಂಕಿಪೊಟ್ಟಣವೇ ಜೀಪು. ಎಲ್ಲಿ ಯಾವ ಚಕ್ರ ಯಾವ ಕಲ್ಲಿನ ಮೇಲೆ ಕೂರಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಗೇರು, ಕ್ಲಚ್ಚುಗಳನ್ನು ಪೇಟೆಯ ಮೈದಾನದಲ್ಲಿ ಗ್ಯಾರೇಜಿನ ಮೇಸ್ತ್ರಿ ಹೇಳಿಕೊಟ್ಟ. ಜೀಪನ್ನು ರಿಪೇರಿ ಮಾಡಿ ನಿಲ್ಲಿಸಿದ್ದವನೂ ಅವನೇ. ಗಂಡ ಎಲ್ಲಕ್ಕಿಂತ ಹೆಚ್ಚಾಗಿ ಹೇಳಿದ್ದು ಒಂದೇ ಮಾತು.

"ಹೊಳೆ ದಾಟಿದ ಮೇಲೆ ಇಳೀಬೇಕು. ಮುಂದಿನ ಎರಡೂ ಚಕ್ರದ ನಟ್ಟನಡುವೆ ಒಂದೊಂದು ತಿರುಗೋ ಗುಂಡಿ ಇದೆ ನೋಡು, ಅದೇ ಹಬ್ಬು. ಎರಡನ್ನೂ ಕೈಯಲ್ಲಿ ತಿರುಗಿಸಿ ಲಾಕ್ ಮಾಡ್ಬೇಕು. ಆಮೇಲೆ ಒಳಗೆ ಚಿಕ್ಕ ಗೇರು ಎಳೀಬೇಕು. ಹಬ್ಬು ಲಾಕ್ ಮಾಡದೆ ನೀನು ಎಷ್ಟು ಗೇರು ಎಳೆದ್ರೂ ಮುಂದಿನ ಚಕ್ರಕ್ಕೆ ಬಲ ಬರಲ್ಲ. ಹಿಂದಿನವೆರಡೇ ದುಡೀತವೆ. ಮಳೆ ಇರ್ಲಿ, ಬಿಸಿಲಿರ್ಲಿ, ಇಳಿ. ತಿಳೀತಾ?"

ಅದನ್ನು ಹೇಳುವಾಗ ಮಾತ್ರ ಅವನು ಅವಳ ಮುಖ ನೋಡುತ್ತಿರಲಿಲ್ಲ. ಆಗ ಅದು ಅವಳ ಗಮನಕ್ಕೆ ಬಂದಿರಲಿಲ್ಲ.

ಮೊದಲ ಸಲ ಒಬ್ಬಳೇ ಹತ್ತಿದ ದಿನ ಮೂರು ಮೆಟ್ಟಿಲ ತಿರುವಿನಲ್ಲಿ ದೊಡ್ಡಪ್ಪ ನಿಂತಿದ್ದರು. ಕೆಲಸ ಹೋದ ಮೇಲೂ ಅವರು ದಿನಾ ಬೆಳಗ್ಗೆ ಸ್ವಂತ ಹಾರೆ ಹಿಡಿದು ಅಲ್ಲಿಗೆ ಇಳಿಯುತ್ತಿದ್ದರು. ಮೊದಲು ಒಂದು ಸಾಲಿದ್ದ ಅಂಚಿನ ಕಟ್ಟೆಯನ್ನು ಈಗ ಮೂರು ಸಾಲು ದಪ್ಪ ಮಾಡುತ್ತಿದ್ದರು. ಕಲ್ಲನ್ನು ಇಟ್ಟು, ಅಲುಗಾಡಿಸಿ ನೋಡಿ, ತೆಗೆದು, ಮತ್ತೆ ಬೇರೆ ಮಗ್ಗುಲಿಗೆ ತಿರುಗಿಸಿ ಇಡುವರು. ಯಾರೂ ಹೇಳಿರಲಿಲ್ಲ, ಕೂಲಿ ಕೊಡುವವರೂ ಇರಲಿಲ್ಲ. ಜೀಪು ಕಂಡೊಡನೆ ಮೆಟ್ಟಿಲ ಮೇಲೆ ಹೋಗಿ ನಿಂತು ಅಂಗೈ ಎತ್ತಿದರು. ಅಂಗೈ ಬಲಕ್ಕೆ ವಾಲಿದರೆ ಬಲಕ್ಕೆ, ಎಡಕ್ಕೆ ವಾಲಿದರೆ ಎಡಕ್ಕೆ, ಮುಷ್ಟಿಯಾದರೆ ನಿಲ್ಲು. ಆ ಅಂಗೈ ನೋಡಿಕೊಂಡೇ ಅವಳು ಮೂರನ್ನೂ ಹತ್ತಿದಳು. ಹತ್ತಿ ಮುಗಿದ ಮೇಲೆ ಜೀಪು ನಿಲ್ಲಿಸಿದಳು.

"ನಿಧಾನ ಹೋಗು ತಾಯಿ" ಎಂದರು ದೊಡ್ಡಪ್ಪ. "ಗಂಡ ಹೇಗಿದ್ದಾನೆ?"

"ಹಂಗೇ ಇದ್ದಾರೆ."

"ನನ್ನಿಂದ ಆಯ್ತು" ಎಂದು ಅವರು ಕಟ್ಟೆಯ ಕಡೆ ತಿರುಗಿದರು. ಪ್ರತಿ ಸಲವೂ ಕೇಳುವರು, ಪ್ರತಿ ಸಲವೂ ಆ ಮಾತನ್ನು ಹೇಳುವರು. ಎರಡು ವರ್ಷ ಹೀಗೆ ನಡೆಯಿತು.

ಎರಡನೆಯ ವರ್ಷದ ಕೊನೆಗೆ ಒಂದು ಮಧ್ಯಾಹ್ನ ಹನಿಮಳೆ. ಹಿಂದೆ ಆರು ಸಿಲಿಂಡರ್, ಔಷಧಿಯ ಪೆಟ್ಟಿಗೆ. ಹೊಳೆ ದಾಟುವಾಗ ಹಗ್ಗ ಸಡಿಲಾಗಿ ಒಂದು ಸಿಲಿಂಡರ್ ಉರುಳಾಡತೊಡಗಿತು. ಅವಳು ಇಳಿದು, ನೆನೆಯುತ್ತಲೇ ಹಗ್ಗ ಬಿಗಿದು, ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದು ಕೂತಳು. ಇಳಿದದ್ದಾಯಿತಲ್ಲ, ಮಾಡಬೇಕಾದದ್ದೆಲ್ಲ ಮಾಡಿದ್ದೇನೆ ಎಂದೇ ಅವಳ ತಲೆಯಲ್ಲಿತ್ತು.

ಏರು ಹೇಗೋ ಸಾಗಿತು. ಮೊದಲ ಮೆಟ್ಟಿಲನ್ನು ಜೀಪು ಓಡಿಬಂದ ರಭಸಕ್ಕೇ ಹತ್ತಿತು. ಎರಡನೆಯದರ ಬಾಯಲ್ಲಿ ಹಿಂದಿನ ಚಕ್ರಗಳು ಬುರ್ರೆಂದು ಸುತ್ತಿ, ರಬ್ಬರಿನ ವಾಸನೆ ಎದ್ದಿತು. ಜೀಪು ನಿಂತಿತು, ಆಮೇಲೆ ಹಿಂದಕ್ಕೆ ಸರಿಯಿತು. ಅವಳು ಬ್ರೇಕ್ ಒತ್ತಿದಳು. ಚಕ್ರ ನಿಂತವು, ಜೀಪು ನಿಲ್ಲಲಿಲ್ಲ. ಒದ್ದೆ ಬಂಡೆಯ ಮೇಲೆ ಹಿಂಭಾಗ ಮೆಲ್ಲಗೆ ಎಡಕ್ಕೆ ತಿರುಗುತ್ತ ಅಂಚಿನ ಕಡೆ ಜಾರಿತು. ಕನ್ನಡಿಯಲ್ಲಿ ಆಕಾಶ ಬಿಟ್ಟು ಬೇರೇನೂ ಕಾಣಲಿಲ್ಲ. ಆಮೇಲೆ ಧಡ್ ಎಂದು ಸದ್ದಾಯಿತು. ಹಿಂದಿನ ಚಕ್ರ ಕಟ್ಟೆಗೆ ಬಡಿದು ನಿಂತಿತು. ಮೂರು ಸಾಲಿನ ಕಲ್ಲು ಒಂದೂ ಕದಲಲಿಲ್ಲ.

"ಕಾಲು ತೆಗೀಬೇಡ ತಾಯಿ. ಹಂಗೇ ಇರು" ಎಂದು ದೊಡ್ಡಪ್ಪನ ದನಿ ಕೇಳಿತು. ಅವರು ಓಡಿಬಂದು ಚಕ್ರಗಳ ಹಿಂದೆ ಎರಡು ಕಲ್ಲು ತುರುಕಿದರು. "ಈಗ ಇಳಿ."

ಇಳಿದವಳು ಮೊದಲು ನೋಡಿದ್ದು ಮುಂದಿನ ಚಕ್ರವನ್ನು. ಹಬ್ಬಿನ ಗುಂಡಿ ಬಿಟ್ಟ ಸ್ಥಿತಿಯಲ್ಲೇ ಇತ್ತು. ಆ ಕಡೆಯದೂ ಹಾಗೆಯೇ. ಅವಳು ಬಂಡೆಯ ಮೇಲಿನ ಕಪ್ಪು ಗೆರೆಗಳನ್ನು ನೋಡಿದಳು. ಎರಡನೆಯ ಮೆಟ್ಟಿಲಿನಿಂದ ಹೊರಟು, ಬಾಗಿ, ನೇರ ಕಟ್ಟೆಗೆ. ಹುಡುಗಿ ಸತ್ತ ಜಾಗ ಅದೇ. ಆಗಲೇ ಗ್ಯಾರೇಜಿನಲ್ಲಿ ನಜ್ಜುಗುಜ್ಜಾಗಿ ನಿಂತಿದ್ದ ಜೀಪು ಅವಳ ಕಣ್ಣಮುಂದೆ ಬಂತು. ಹಿಂಭಾಗ ಡಬ್ಬಿಯಂತೆ ಮುದುಡಿತ್ತು. ಮುಂದಿನ ಬಂಪರಿನ ಬಣ್ಣ ಕೂಡ ಕಿತ್ತುಹೋಗಿರಲಿಲ್ಲ. ಮುಂದಿನ ಎಡ ಚಕ್ರದ ಕೆಳಗೆ ಕುಸಿದಿದ್ದರೆ ಅದು ಹೇಗೆ ಸಾಧ್ಯ? ಅಂದು ಅವಳಿಗೆ ಜೀಪಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಈಗ ಗೊತ್ತಿತ್ತು.

"ಮೈಗೇನೂ ಆಗಿಲ್ವಲ್ಲ?" ಎಂದು ದೊಡ್ಡಪ್ಪ ಕೇಳುತ್ತಿದ್ದರು. ಅವಳು ಬಗ್ಗಿ ಹಬ್ಬು ತಿರುಗಿಸಿದಳು.

ಇಳಿದು ಬಂದವಳು ಮನೆಗೆ ಹೋಗಲಿಲ್ಲ, ಗ್ಯಾರೇಜಿಗೆ ಹೋದಳು. ಮೇಸ್ತ್ರಿ ಒಂದು ಲಾರಿಯ ಕೆಳಗಿದ್ದ. ಕಾಲು ಮಾತ್ರ ಕಾಣುತ್ತಿತ್ತು.

"ಮೇಸ್ತ್ರಿ, ಅವತ್ತು ಜೀಪು ಎತ್ಕೊಂಡು ಬಂದಾಗ ಹಬ್ಬು ಹೇಗಿತ್ತು?"

ಲಾರಿಯ ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು. ಅವನು ಹೊರಗೆ ಸರಿದು ಬಂದು ಬಟ್ಟೆಯಲ್ಲಿ ಕೈ ಒರೆಸಿಕೊಂಡ.

"ಎರಡೂ ಬಿಟ್ಟೇ ಇತ್ತಕ್ಕ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಕಾಲು ಕಳ್ಕೊಂಡವನ ಮೇಲೆ ಇನ್ನೊಂದು ಬಂಡೆ ಎತ್ತಿ ಹಾಕೋದು ಯಾಕೆ ಅಂತ ಸುಮ್ನಾದೆ."

"ದೊಡ್ಡಪ್ಪನ ಮೇಲೆ ಹಾಕಿದ್ರಲ್ಲ."

"ಹೌದು" ಎಂದ ಮೇಸ್ತ್ರಿ. ಮತ್ತೆ ಲಾರಿಯ ಕೆಳಗೆ ಹೋದ.

ಮನೆಯಲ್ಲಿ ಗಂಡ ಕಿಟಕಿಯ ಪಕ್ಕ ದಿಂಬಿಗೊರಗಿ ಕೂತಿದ್ದ. ಅವಳು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು.

"ರೀ, ಅವತ್ತು ಹಬ್ಬು ಲಾಕ್ ಮಾಡಿದ್ರಾ?"

ಅವನು ಸುಳ್ಳು ಹೇಳಲು ಬಾಯಿ ತೆರೆದನೋ ಏನೋ, ಮತ್ತೆ ಮುಚ್ಚಿದ.

"ಹನೀತಿತ್ತು" ಎಂದ ಕೊನೆಗೆ. "ಕೆಸರು. ಇಳಿಯೋಕೆ ಬೇಜಾರಾಯ್ತು. ಎಷ್ಟೋ ಸಲ ಹಾಕದೇನೇ ಹತ್ತಿಸಿದ್ದೆ. ಆ ಮಗು ಕೇಳ್ತು ಕಣೇ. 'ಅಣ್ಣ, ಇಳಿದು ಅದೇನೋ ತಿರುಗಿಸ್ತಿದ್ರಲ್ಲ, ಇವತ್ತು ಬೇಡ್ವಾ?' ಅಂತು. ನಾನು ನಕ್ಕೆ. 'ನಿಮ್ಮಣ್ಣನಿಗೆ ಎರಡು ಚಕ್ರ ಸಾಕಮ್ಮ' ಅಂದೆ."

ಅವಳು ಕಿಟಕಿಯ ಬಾಗಿಲು ಎಳೆದು ಮುಚ್ಚಿದಳು.

"ಆಸ್ಪತ್ರೆಲಿ ಕಣ್ಣು ಬಿಟ್ಟಾಗ ಆ ಅಧಿಕಾರಿ ಎದುರಿಗಿದ್ದ. 'ಅಂಚು ಕುಸೀತೇನ್ರಿ?' ಅಂತ ಅವನೇ ಕೇಳಿದ. ನಾನು ಹೂಂ ಅಂದೆ. ಆ ಹೂಂಗೆ ಮುಂದಿನ ಎಡ ಚಕ್ರದ ಕೆಳಗೆ ಅಂತ ನಾನೇ ಸೇರಿಸಿದೆ. ಅದು ಯಾರ ತಲೆ ಮೇಲೆ ಹೋಗಿ ಬೀಳುತ್ತೆ ಅಂತ ಆಗ ಯೋಚನೆ ಮಾಡೋ ಸ್ಥಿತೀಲಿ ಇರ್ಲಿಲ್ಲ. ಯೋಚನೆ ಮಾಡೋ ಹೊತ್ತಿಗೆ ಅವರ ಕೆಲಸ ಹೋಗಿತ್ತು."

"ಆಮೇಲೆ ಹೇಳ್ಬಹುದಿತ್ತು."

"ಹೂಂ" ಎಂದ ಅವನು.

ಹದಿನೈದು ದಿನ ಅವಳು ಅವನೊಂದಿಗೆ ಬೇಕಾದ್ದಷ್ಟೇ ಮಾತಾಡಿದಳು. ಮೈ ಒರೆಸುವಳು, ಮಗ್ಗುಲು ತಿರುಗಿಸುವಳು, ತಟ್ಟೆ ಮುಂದಿಡುವಳು. ತಿರುವಿನಲ್ಲಿ ದೊಡ್ಡಪ್ಪ ಅಂಗೈ ಎತ್ತಿದಾಗ ಅವರ ಮುಖ ನೋಡಲಾಗದೆ ಅಂಗೈಯನ್ನೇ ನೋಡುವಳು. ಹದಿನಾರನೆಯ ದಿನ ಅವನೇ, "ನನ್ನ ಕರ್ಕೊಂಡು ಹೋಗು. ನಾನೇ ಹೇಳ್ತೀನಿ" ಎಂದ.

ಮೇಸ್ತ್ರಿ ಬಂದು ಅವನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ, ಎದೆಗೂ ಸೊಂಟಕ್ಕೂ ಪಟ್ಟಿ ಬಿಗಿದ. ಹೊಳೆ ದಾಟಿ ಅವಳು ಹಬ್ಬು ತಿರುಗಿಸಲು ಇಳಿದಾಗ ಅವನು ಕಣ್ಣು ಮುಚ್ಚಿಕೊಂಡಿದ್ದ. ಏರಿನಲ್ಲಿ ಜೀಪು ಎದ್ದು ಬೀಳುವಾಗ ಅವನ ಕಾಲುಗಳು ಯಾರದೋ ಸಾಮಾನಿನಂತೆ ಅತ್ತಿತ್ತ ಬಡಿದುಕೊಳ್ಳುತ್ತಿದ್ದವು. "ಬಲಕ್ಕೆ ತಗೋ" ಎಂದು ಒಂದೆರಡು ಸಲ ಹೇಳಿದ, ಆಮೇಲೆ ಅದನ್ನೂ ಬಿಟ್ಟ.

ದೊಡ್ಡಪ್ಪ ಜೀಪಿನೊಳಗೆ ಅವನನ್ನು ಕಂಡು ಹಾರೆ ಕೆಳಗಿಟ್ಟರು. ಮೆಲ್ಲಗೆ ಬಂದು ಅವನ ಪಕ್ಕ ನಿಂತರು. ಬಗ್ಗಿ, ಅವನ ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದುಕೊಂಡರು.

"ನನ್ನಿಂದ ನಿನ್ನ ಕಾಲು ಹೋಯ್ತಪ್ಪ. ಬಂದು ನೋಡೋ ಮುಖಾನೂ ನಂಗಿರ್ಲಿಲ್ಲ. ಅವಳಂತೂ ಹೋದ್ಲು. ನೀನು ದಿನಾ ಅನುಭವಿಸ್ತಿದ್ದೀಯ."

ಅವಳು ಎಂಜಿನ್ ಆಫ್ ಮಾಡಿದಳು. ಗಂಡ ಬಾಯಿ ತೆರೆದ. ಅವಳು ಅವನ ಕಡೆ ತಿರುಗಿದಳು.

"ಬಿಡಿ ದೊಡ್ಡಪ್ಪ" ಎಂದ ಅವನು. "ಆಗಿದ್ದು ಆಗಿಹೋಯ್ತು."

ಮುದುಕರು ಅವನ ಪಾದಗಳ ಮೇಲೆ ಹಣೆಯಿಟ್ಟು ಅತ್ತರು. ಅವನು ಕ್ಷಮಿಸಿದನೆಂದೇ ತಿಳಿದರು.

ಇಳಿದು ಬರುವಾಗ ಹೊಳೆಯಲ್ಲಿ ಅವನು, "ಬಾಯಿ ಬರ್ಲಿಲ್ಲ ಕಣೇ" ಎಂದ. ಅವಳು ಗೇರು ಬದಲಿಸಿದಳು.

ಮುಂದಿನ ಸಲ ಹತ್ತಿದಾಗ ಅವಳೇ ಹೇಳಿದಳು. ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕೂತು, ಹಬ್ಬು, ಜಾರಿದ್ದು, ಮೇಸ್ತ್ರಿಯ ಮಾತು ಎಲ್ಲವನ್ನೂ ಹೇಳಿದಳು. ದೊಡ್ಡಪ್ಪ ತಾಳ್ಮೆಯಿಂದ ಕೇಳಿ ತಲೆಯಾಡಿಸಿದರು.

"ನೀನು ಒಳ್ಳೆಯವಳು ತಾಯಿ. ಗಂಡನ ಮೇಲೆ ಹಾಕ್ಕೊಂಡು ನನ್ನ ಭಾರ ಇಳಿಸೋಕೆ ನೋಡ್ತಿದ್ದೀಯ. ಹಂಗೆಲ್ಲ ಹೇಳ್ಬಾರದು. ಅವನು ಮೊನ್ನೆ ಬಂದು ನನ್ನ ಮನ್ನಿಸಿ ಹೋದ. ಅಷ್ಟು ಸಾಕು ನಂಗೆ."

ಅವಳಿಗೆ ಕಿರುಚಬೇಕೆನಿಸಿತು. ಕಿರುಚಲಿಲ್ಲ. ಮನೆಗೆ ಬಂದು ಗಂಡನ ತೊಡೆಯ ಮೇಲೆ ಹಲಗೆಯಿಟ್ಟು, ಹಾಳೆ ಪೆನ್ನು ಕೊಟ್ಟಳು.

"ಬಾಯಲ್ಲಿ ಬರ್ದೇ ಇದ್ದದ್ದು ಕೈಯಲ್ಲಿ ಬರ್ಲಿ."

ಅವನು ಬರೆದ. ಒಂದು ಪುಟ ಬರೆಯಲು ಒಂದು ಇಡೀ ದಿನ ಹಿಡಿಯಿತು. ಒಂದು ಪ್ರತಿಯನ್ನು ಅವಳು ರಸ್ತೆ ಇಲಾಖೆಗೆ ಕೊಟ್ಟಳು. ಗುಮಾಸ್ತ ಮೊಹರು ಒತ್ತಿ ಟ್ರೇಯಲ್ಲಿ ಹಾಕಿದ. ಇನ್ನೊಂದನ್ನು ತಿರುವಿಗೆ ಒಯ್ದು ದೊಡ್ಡಪ್ಪನಿಗೆ ಓದಿ ಹೇಳಿದಳು. 'ಕಟ್ಟೆ ತಾನಾಗಿ ಕುಸಿಯಲಿಲ್ಲ. ನನ್ನ ಗಾಡಿ ಹಿಂದಕ್ಕೆ ಜಾರಿ ಗುದ್ದಿದ್ದರಿಂದ ಕುಸಿಯಿತು. ಹಬ್ಬು ಹಾಕುವುದು ನನ್ನ ಕೆಲಸ. ಹಾಕಿರಲಿಲ್ಲ. ಹಾಕುವುದಿಲ್ಲವೇ ಎಂದು ಮಗು ಕೇಳಿತ್ತು.'

"ಇನ್ನೊಂದ್ಸಲ ಓದು" ಎಂದರು ದೊಡ್ಡಪ್ಪ.

ಓದಿದಳು.

"ಮಗು ಕೇಳಿತ್ತು ಅಂತ ಬರೆದಿದ್ದಾನಾ?"

"ಹೂಂ."

"ಕೇಳೇ ಕೇಳ್ತಾಳೆ ಅವಳು. ಸಣ್ಣೋಳಿದ್ದಾಗ್ಲೂ ಹಂಗೇ, ಎಲ್ಲಾನೂ ಕೇಳ್ತಿದ್ಲು." ಅವರು ಹಾಳೆ ಇಸಿದುಕೊಂಡು ನಾಲ್ಕಾಗಿ ಮಡಿಸಿ ಜೇಬಿಗಿಟ್ಟರು. ಕಟ್ಟೆಯ ಮೇಲೆ ಕೈಯಾಡಿಸಿ, "ಹಂಗಾದ್ರೆ ಕಟ್ಟೆ ಸರಿಯಾಗೇ ಇತ್ತು" ಎಂದರು.

"ಸರಿಯಾಗೇ ಇತ್ತು ದೊಡ್ಡಪ್ಪ. ನಿಮ್ಮದೇನೂ ತಪ್ಪಿಲ್ಲ."

"ಇನ್ನು ನಾನು ಇಲ್ಲಿಗೆ ಬಂದು ಏನು ಮಾಡ್ಲಿ?"

ಅವಳಿಗೆ ಅದು ಹಗುರಾದವರ ಮಾತಿನಂತೆ ಕೇಳಿಸಿತು. "ಏನೂ ಮಾಡೋದು ಬೇಡ. ಮನೇಲಿ ಆರಾಮಾಗಿರಿ" ಎಂದಳು. ಆ ಮಾತನ್ನು ಆಮೇಲೆ ಎಷ್ಟು ಸಲ ನೆನೆದು ನಾಲಿಗೆ ಕಚ್ಚಿಕೊಂಡಳೋ.

ಮರುದಿನ ತಿರುವಿನಲ್ಲಿ ಯಾರೂ ಇರಲಿಲ್ಲ. ಅದರ ಮರುಸಲವೂ ಇಲ್ಲ. ಕೈ ತೋರಿಸುವವರಿಲ್ಲದೆ ಅವಳು ಪ್ರತಿ ಮೆಟ್ಟಿಲಿಗೂ ಇಳಿದು ನೋಡಿ ಹತ್ತಿದಳು. ಮೂರನೆಯ ಸಲ ಅವರ ಮನೆಗೆ ಹೋದಳು. ಅವರು ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಕಣ್ಣು ತೆರೆದೇ ಇತ್ತು. ಕರೆದರೆ ತಿರುಗಲಿಲ್ಲ. ಅವರ ಹೆಂಡತಿ ದೊಡ್ಡಮ್ಮ ಬಾಗಿಲ ಬಳಿ ಒಗೆದ ಬಟ್ಟೆ ಮಡಿಸುತ್ತಿದ್ದರು.

"ಯಾಕಮ್ಮ ಹೇಳಿದೆ?" ಎಂದರು. ಸಿಟ್ಟಿರಲಿಲ್ಲ, ದಣಿವಿತ್ತು. "ಕಲ್ಲು ಹೊರುವಾಗ ಊಟ ಮಾಡ್ತಿದ್ರು. ಸಂಜೆ ಬಂದು ಬಿದ್ರೆ ನಿದ್ದೆ ಬರ್ತಿತ್ತು. 'ಅವಳಿಗೋಸ್ಕರ ಮಾಡ್ತಿದ್ದೀನಿ' ಅಂತಿದ್ರು. ಈಗ ಮಾಡೋಕೆ ಏನಿದೆ ಅಂತಾರೆ."

"ನಿಜ ಗೊತ್ತಾಗ್ಲಿ ಅಂತ ದೊಡ್ಡಮ್ಮ."

"ಗೊತ್ತಾಯ್ತು" ಎಂದು ಅವರು ಮುಂದಿನ ಬಟ್ಟೆ ಕೈಗೆತ್ತಿಕೊಂಡರು.

ಅವಳು ಡಾಕ್ಟರನ್ನು ಕರೆತಂದಳು. ಇಂಥದ್ದೇ ಕಾಯಿಲೆ ಎಂದು ಅವರೂ ಹೇಳಲಾರದೆ ಹೋದರು. ಒಂದು ತಿಂಗಳು ದಾಟಿದ ಮೇಲೆ ಒಂದು ಬೆಳಗ್ಗೆ ದೊಡ್ಡಪ್ಪ ಹೋದರು. ಸುದ್ದಿ ತಿಳಿಸಿದಾಗ ಗಂಡ, "ಆವತ್ತೇ ಬಾಯಲ್ಲಿ ಹೇಳಿದ್ರೆ?" ಎಂದು ಕೇಳಿದ.

"ಗೊತ್ತಿಲ್ಲ."

"ಆಸ್ಪತ್ರೆಲೇ ಹೇಳಿದ್ರೆ?"

"ನಂಗೊತ್ತಿಲ್ಲ ರೀ" ಎಂದು ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರು ಸುಮ್ಮನೆ ಹರಿಯುವುದನ್ನು ನೋಡುತ್ತ ನಿಂತಳು.

ಮುಂದಿನ ತಿಂಗಳ ಟಪಾಲು ಚೀಲದಲ್ಲಿ ರಸ್ತೆ ಇಲಾಖೆಯ ಒಂದು ಲಕೋಟೆಯಿತ್ತು, ದೊಡ್ಡಪ್ಪನ ಹೆಸರಿಗೆ. ಮರುವಿಚಾರಣೆಗೆ ದಾಖಲೆಗಳೊಂದಿಗೆ ಹಾಜರಾಗಬೇಕಂತೆ. ಅದನ್ನೂ ಅವಳೇ ಹತ್ತಿಸಿಕೊಂಡು ಹೋಗಿ ಕೊಟ್ಟಳು. ದೊಡ್ಡಮ್ಮ ಒಡೆಯದೆ ಕಪಾಟಿನ ಮೇಲಿಟ್ಟರು.

"ನಾಡಿದ್ದು ನನ್ನ ಕೆಳಗೆ ಬಿಡ್ತೀಯಾ? ತಂಗಿ ಮನೆಗೆ ಹೋಗ್ತೀನಿ" ಎಂದರು.

ಹೊರಡುವ ದಿನ ಅವರ ಬಳಿ ಒಂದು ಪೆಟ್ಟಿಗೆ, ಒಂದು ಚೀಲ. ಇಳಿಜಾರಿನಲ್ಲಿ ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಮಡಿಲನ್ನೇ ನೋಡುತ್ತ ಕೂತರು. ಮೂರು ಮೆಟ್ಟಿಲ ತಿರುವು ಬಂದಾಗ ಅವಳು ರೂಢಿಯಂತೆ ಬ್ರೇಕಿನ ಮೇಲೆ ಕಾಲಿಟ್ಟಳು.

"ನಿಲ್ಲಿಸ್ಬೇಡ" ಎಂದರು ದೊಡ್ಡಮ್ಮ. "ಹೋಗು."

ಅವಳು ಕಡಿಮೆ ಗೇರಿನಲ್ಲಿ ಒಂದೊಂದೇ ಮೆಟ್ಟಿಲು ಇಳಿಸಿದಳು. ಬಸ್ ಸ್ಟ್ಯಾಂಡಿನಲ್ಲಿ ಪೆಟ್ಟಿಗೆಯನ್ನು ಬಸ್ಸಿನೊಳಗಿಟ್ಟು, ಕಿಟಕಿಯ ಹತ್ತಿರ ಹೋಗಿ ನಿಂತಳು. ದೊಡ್ಡಮ್ಮ ಅವಳ ತಲೆಯ ಮೇಲಿಂದ ಎಲ್ಲೋ ದೂರ ನೋಡುತ್ತಿದ್ದರು. ಬಸ್ಸು ಹೊರಟಿತು. ಮೇಲಿನ ಊರಿಗೆ ಹೋಗುವವರು ನಾಲ್ಕು ಜನ ಆಗಲೇ ಜೀಪಿನಲ್ಲಿ ಕೂತು, ಜೀಪಕ್ಕ ಎಲ್ಲಿ ಎಂದು ವಿಚಾರಿಸುತ್ತಿದ್ದರು.